ಸರ್ವರ್ ಸೆಟ್ಟಿಂಗ್ ಮುಟ್ಟೋಕೆ ಅಡ್ಮಿನ್‌ಗಳಿಗೆ ಯಾಕೆ ಭಯ? ವೆಬ್ ಪ್ಯಾನಲ್ ಮಾಡಿದ್ರೆ ಹೋಗತ್ತಾ?

ಪ್ರಶ್ನೆ: ಸರ್, ನಮ್ಮದು ಚಿಕ್ಕ ಟೀಮು. ನಾವು ಬರೆದಿರೋ ಒಂದು ಸರ್ವರ್ ಸಾಫ್ಟ್‌ವೇರನ್ನ ಬೇರೆ ಬೇರೆ ಕಡೆ ಅಡ್ಮಿನ್‌ಗಳು ಇನ್‌ಸ್ಟಾಲ್ ಮಾಡ್ಕೊಂಡು ನಡೆಸ್ತಾರೆ. ಸೆಟ್ಟಿಂಗ್ಸ್ ಎಲ್ಲ ಒಂದೇ ದೊಡ್ಡ ಎಕ್ಸ್‌ಎಂಎಲ್ ಫೈಲಲ್ಲಿದೆ, ಸುಮಾರು 300 ಐಟಂ. ಏನೇ ಬದಲಾಯಿಸಿದ್ರೂ ರೀಸ್ಟಾರ್ಟ್ ಮಾಡ್ಬೇಕು. ಹಾಗಾಗಿ ಒಂದು ಟೈಮ್‌ಔಟ್ ಬದಲಾಯಿಸೋಕೂ ನಮಗೇ ಟಿಕೆಟ್ ಹಾಕ್ತಾರೆ. ನಮ್ಮ ಮ್ಯಾನೇಜರ್ ಒಂದು ವೆಬ್ ಪ್ಯಾನಲ್ ಮಾಡ್ಬಿಡಿ ಅಂತಿದ್ದಾರೆ. ಎಕ್ಸ್‌ಎಂಎಲ್ ಬಿಟ್ಟು ಯಾಮಲ್ ಅನ್ನೋ ಇನ್ನೊಂದು ಫೈಲ್ ಫಾರ್ಮ್ಯಾಟ್‌ಗೆ ಹೋಗ್ಬೇಕಾ, ಪ್ಯಾನಲ್ ಮಾಡ್ಬೇಕಾ, ಎಲ್ಲಿಂದ ಶುರು ಮಾಡೋದು? ಕೆಲವರು ಕಂಟೇನರ್‌ನಲ್ಲಿ (ಸಾಫ್ಟ್‌ವೇರನ್ನ ಬೇಕಾದ್ದೆಲ್ಲ ಸೇರಿಸಿ ಕಟ್ಟಿಟ್ಟ ಪೊಟ್ಟಣ) ಓಡಿಸ್ತಾರೆ, ಅವರಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದ್ರೆ ಪ್ರೋಗ್ರಾಂ ಶುರುವಾಗುವಾಗ ಹೊರಗಿಂದ ಕೊಡೋ ವ್ಯಾಲ್ಯೂ, ಕೊಟ್ರೆ ಸಾಕಾ?

ಉತ್ತರ: ಮೊದಲು ಒಂದು ಮಾತು. ಅವರಿಗೆ ಫೈಲ್ ಓಪನ್ ಮಾಡಿ ಒಂದು ನಂಬರ್ ತಿದ್ದೋಕೆ ಬರಲ್ಲ ಅಂತ ದಯವಿಟ್ಟು ಅಂದ್ಕೋಬೇಡಿ. ದಿನವಿಡೀ ಟರ್ಮಿನಲ್ ಮುಂದೆ ಕೂತಿರೋ ಜನ ಅವರು, ವಿಐ ಎಡಿಟರ್‌ನಿಂದ ಹೊರಗೆ ಬರೋಕೂ ಗೊತ್ತಿರೋರು. ತಿದ್ದೋದು ಕಷ್ಟ ಅಲ್ಲ, ತಿದ್ದಿದ ಮೇಲೆ ಏನಾಗತ್ತೆ ಅಂತ ಗೊತ್ತಿಲ್ದೆ ಇರೋದು ಕಷ್ಟ. ಈಗ ನಿಜವಾಗ್ಲೂ ಯಾವ ವ್ಯಾಲ್ಯೂ ಓಡ್ತಿದೆ, ನಾನು ಬರೆದಿದ್ದು ಸರಿ ಇದ್ಯಾ, ಅದು ಯಾವಾಗ ಜಾರಿಗೆ ಬರತ್ತೆ, ಕೆಟ್ಟರೆ ವಾಪಸ್ ಬರೋದು ಹೇಗೆ, ಈ ನಾಲ್ಕಕ್ಕೂ ನಿಮ್ಮ ಸಾಫ್ಟ್‌ವೇರ್ ಉತ್ತರ ಕೊಡ್ತಿಲ್ಲ, ಅದಕ್ಕೇ ಅವರು ನಿಮ್ಮ ಹತ್ರ ಬರ್ತಾರೆ. ಹುತ್ತಕ್ಕೆ ಕೈ ಹಾಕೋ ಕೆಲಸ ಆದ್ರೆ ಹಾವಾಡಿಗನನ್ನೇ ಕರೆದುಬಿಡೋಣ ಅಂತ, ಅಷ್ಟೆ.

ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಸರ್ವರ್‌ನ ಕಾನ್ಫಿಗ್ ಫೈಲಿನ ತಲೆ ಮೇಲೆ ದೊಡ್ಡ ಅಕ್ಷರದಲ್ಲಿ ಮುಟ್ಟಬೇಡಿ ಅಂತ ಒಂದು ಕಾಮೆಂಟ್ ಇತ್ತು, ಯಾರು ಬರೆದಿದ್ರು ಅಂತ ಯಾರಿಗೂ ಗೊತ್ತಿರ್ಲಿಲ್ಲ, ಬರೆದವರು ಕೆಲಸ ಬಿಟ್ಟು ಹೋಗಿ ವರ್ಷಗಳೇ ಆಗಿತ್ತು ಅನ್ಸತ್ತೆ, ಆದ್ರೂ ಎಲ್ಲರೂ ಆ ಕಾಮೆಂಟಿಗೆ ಕೈ ಮುಗಿದು ಮುಂದೆ ಹೋಗ್ತಿದ್ರು. ಆ ಫೈಲಲ್ಲಿ ಒಂದು ಕನೆಕ್ಷನ್ ಲಿಮಿಟ್ ಹಳೇ ಮಶೀನಿನ ಕಾಲಕ್ಕೆ ಇಟ್ಟಿದ್ದು, ಹೊಸ ಮಶೀನಿಗೆ ಅದು ಕಾಲಿಗೆ ಕಟ್ಟಿದ ಕಲ್ಲು. ಒಂದು ದಿನ ನಾನು ಧೈರ್ಯ ಮಾಡಿ ಬದಲಾಯಿಸಿದೆ, ರೀಸ್ಟಾರ್ಟ್ ಮಾಡಿದೆ, ಸರ್ವರ್ ಮೇಲೆ ಏಳಲೇ ಇಲ್ಲ. ಕಾರಣ ನನ್ನ ನಂಬರ್ ಅಲ್ಲ, ಬೇರೆ ಯಾರೋ ಹಿಂದಿನ ತಿಂಗಳು ಅದೇ ಫೈಲಲ್ಲಿ ಏನೋ ತಿದ್ದಿ ರೀಸ್ಟಾರ್ಟ್ ಮಾಡದೆ ಬಿಟ್ಟಿದ್ರು, ಆ ತಪ್ಪು ನನ್ನ ತಲೆಗೆ ಬಂತು. ಆಮೇಲೆ ನಾನೂ ಕೈ ಮುಗಿಯೋ ಗುಂಪಿಗೆ ಸೇರ್ಕೊಂಡೆ. ನಿಮ್ಮ ಅಡ್ಮಿನ್‌ಗಳ ತಲೇಲಿ ಇಂಥದ್ದೇ ಒಂದೊಂದು ಕತೆ ಇರತ್ತೆ, ಅದನ್ನ ಪ್ಯಾನಲ್ ಅಳಿಸಲ್ಲ.

ಈಗ ಕೆಲಸಕ್ಕೆ ಬರೋಣ. ನಾನಾಗಿದ್ರೆ ಎಲ್ಲಕ್ಕಿಂತ ಮೊದಲು ಮಾಡೋದು ಒಂದು ಚಿಕ್ಕ ಕಮಾಂಡ್, ಈಗ ಓಡ್ತಿರೋ ಎಲ್ಲ ಸೆಟ್ಟಿಂಗೂ, ಪ್ರತಿಯೊಂದೂ ಎಲ್ಲಿಂದ ಬಂತು ಅನ್ನೋದೂ ಸೇರಿಸಿ ತೋರಿಸೋದು. ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್ ನಡೆಸಿದವರಿಗೆ ಪೋಸ್ಟ್‌ಕಾನ್ಫ್ ಮೈನಸ್ ಎನ್ ಕಮಾಂಡ್ ಗೊತ್ತಿರತ್ತೆ, ಮೇನ್ ಡಾಟ್ ಸಿಎಫ್ ಫೈಲಲ್ಲಿ ನೀವಾಗಿ ಬರೆದಿರೋದನ್ನ ಮಾತ್ರ ತೋರಿಸತ್ತೆ, ನೂರಾರು ಡೀಫಾಲ್ಟ್ ನಿಮ್ಮ ಕಣ್ಣಿಗೆ ಅಡ್ಡ ಬರಲ್ಲ. ನನ್ನ ಪ್ರಕಾರ ಸರ್ವರ್ ಸಾಫ್ಟ್‌ವೇರ್ ಬರೆದೋರು ಅಡ್ಮಿನ್‌ಗಳಿಗೆ ಕೊಟ್ಟಿರೋ ದೊಡ್ಡ ಉಪಕಾರಗಳಲ್ಲಿ ಇದೊಂದು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇನ್ನೂ ಒಂದು ಹೆಜ್ಜೆ ಮುಂದೆ, ಅದರಲ್ಲಿ ಪಿಜಿ ಸೆಟ್ಟಿಂಗ್ಸ್ ಅನ್ನೋ ವ್ಯೂ ಇದೆ, ಮಾಮೂಲಿ ಟೇಬಲ್ ಥರ ಕ್ವೆರಿ ಮಾಡ್ಬಹುದು, ವ್ಯಾಲ್ಯೂ ಎಷ್ಟು, ಯೂನಿಟ್ ಏನು, ಕನಿಷ್ಠ ಗರಿಷ್ಠ ಎಷ್ಟು, ಯಾವ ಫೈಲಿನ ಎಷ್ಟನೇ ಲೈನಿಂದ ಬಂತು, ಎಲ್ಲ ಅಲ್ಲೇ ಇರತ್ತೆ.

ಇದು ಯಾಕೆ ಇಷ್ಟು ಮುಖ್ಯ ಅನ್ನೋಕೆ ದೂರದ ಮಶೀನಿಗೆ ಲಾಗಿನ್ ಆಗೋಕೆ ಬಳಸೋ ಎಸ್‌ಎಸ್‌ಎಚ್ ಉದಾಹರಣೆ ಕೊಡ್ತೀನಿ, ಇದರಲ್ಲಿ ಬಿದ್ದವರು ತುಂಬಾ ಜನ. 2020ರ ಫೆಬ್ರವರಿಲಿ ಬಂದ ಓಪನ್‌ಎಸ್‌ಎಸ್‌ಎಚ್ 8.2ರಲ್ಲಿ ಸರ್ವರ್ ಕಾನ್ಫಿಗ್‌ಗೆ ಇನ್‌ಕ್ಲೂಡ್ ಸೌಲಭ್ಯ ಬಂತು, ಅಂದ್ರೆ ಪಕ್ಕದ ಒಂದು ಡೈರೆಕ್ಟರಿಲಿ ಚಿಕ್ಕ ಚಿಕ್ಕ ಫೈಲ್ ಇಟ್ಟು ಸೇರಿಸ್ಕೋಬಹುದು. ಒಳ್ಳೇದೇ. ಆದ್ರೆ ಎಸ್‌ಎಸ್‌ಎಚ್‌ನ ಒಂದು ಹಳೇ ನಿಯಮ ಏನಂದ್ರೆ ಒಂದು ಸೆಟ್ಟಿಂಗ್ ಎರಡು ಸಲ ಬಂದ್ರೆ ಮೊದಲು ಸಿಕ್ಕಿದ್ದೇ ಗೆಲ್ಲತ್ತೆ, ನಾವೆಲ್ಲ ಬೇರೆ ಸಾಫ್ಟ್‌ವೇರ್ ನೋಡಿ ಕೊನೇದು ಗೆಲ್ಲತ್ತೆ ಅಂದ್ಕೊಂಡಿರ್ತೀವಿ. ಕೆಲವು ಲಿನಕ್ಸ್‌ಗಳಲ್ಲಿ ಆ ಇನ್‌ಕ್ಲೂಡ್ ಲೈನ್ ಮೇನ್ ಫೈಲಿನ ತುದೀಲೇ ಇರತ್ತೆ. ಈಗ ಕ್ಲೌಡ್ ಇಮೇಜ್ ಜೊತೆ ಬಂದ ಯಾವುದೋ ಒಂದು ಚಿಕ್ಕ ಫೈಲು ಪಾಸ್‌ವರ್ಡ್ ಲಾಗಿನ್ ಯೆಸ್ ಅಂತ ಹೇಳಿರತ್ತೆ, ನೀವು ಮೇನ್ ಫೈಲಿನ ಕೆಳಗೆ ನೋ ಅಂತ ಬರೆದು, ಸರ್ವಿಸ್ ರೀಲೋಡ್ ಮಾಡಿ, ಸೆಕ್ಯೂರ್ ಆಯ್ತು ಅಂತ ಎದ್ದು ಹೋಗ್ತೀರ, ಪಾಸ್‌ವರ್ಡ್ ಲಾಗಿನ್ ಹಾಗೇ ತೆರೆದೇ ಇರತ್ತೆ. ಎಲ್ಲೂ ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಎಸ್‌ಎಸ್‌ಎಚ್‌ಡಿ ಮೈನಸ್ ದೊಡ್ಡ ಟಿ ಅನ್ನೋ ಕಮಾಂಡ್ ಹೊಡೆದ್ರೆ ಮಾತ್ರ ನಿಜ ಏನು ಅಂತ ಬಾಯಿ ಬಿಡತ್ತೆ. ಫೈಲ್‌ನಲ್ಲಿ ಬರೆದಿರೋದು ಬೇರೆ, ಸರ್ವರ್ ಅರ್ಥ ಮಾಡ್ಕೊಂಡಿರೋದು ಬೇರೆ, ಆ ಎರಡನೇದನ್ನ ನೋಡೋ ಕಿಟಕಿ ನಿಮ್ಮ ಸಾಫ್ಟ್‌ವೇರ್‌ಗೆ ಇವತ್ತಿಲ್ಲ.

ಅದಾದ ಮೇಲೆ ಚೆಕ್ ಮಾಡೋ ಕಮಾಂಡ್. ಎಂಜಿನ್‌ಎಕ್ಸ್ ವೆಬ್ ಸರ್ವರ್‌ನ ಮೈನಸ್ ಟಿ ಕಮಾಂಡ್ ಇಷ್ಟು ಜನಪ್ರಿಯ ಆಗಿರೋದಕ್ಕೆ ಕಾರಣ ಅದು ಓಡ್ತಿರೋ ಸರ್ವರ್‌ನ ಮುಟ್ಟದೆ ಹೊಸ ಕಾನ್ಫಿಗ್ ಓದಿ, ಅದರಲ್ಲಿ ಹೇಳಿರೋ ಫೈಲ್‌ಗಳನ್ನ ತೆರೆದು ನೋಡಿ, ಸರಿ ಇದೆ ಇಲ್ಲ ಅಂತ ಲೈನ್ ನಂಬರ್ ಸಮೇತ ಹೇಳತ್ತೆ. ಯಾರಿಗೆ ರೂಟ್, ಅಂದ್ರೆ ಮಶೀನಿನ ಪೂರ್ತಿ ಅಧಿಕಾರ, ಸಿಗ್ಬೇಕು ಅಂತ ಬರೆದಿಡೋ ಸುಡೋ ಫೈಲನ್ನ ವೈಸುಡೋದಲ್ಲೇ ತಿದ್ದಿ ಅನ್ನೋದೂ ಇದಕ್ಕೇ, ತಪ್ಪಿರೋ ಫೈಲ್ ಸೇವ್ ಮಾಡೋಕೆ ಹೋದ್ರೆ ತಡೆದು ಏನ್ ಮಾಡ್ಲಿ ಅಂತ ಕೇಳತ್ತೆ, ಇಲ್ಲಾಂದ್ರೆ ಒಂದು ಕಾಮಾ ತಪ್ಪಿಗೆ ರೂಟ್ ಆಗೋ ದಾರಿನೇ ಮುಚ್ಚಿಹೋಗ್ಬಹುದು. ನಿಮ್ಮದ್ರಲ್ಲಿ ಈಗ ಚೆಕ್ ಆಗೋದು ರೀಸ್ಟಾರ್ಟ್ ಆದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇಲ್ಲಿ ಒಂದು ಎಚ್ಚರಿಕೆ, ಚೆಕ್ ಮಾಡೋಕೆ ಬೇರೆ ಸ್ಕ್ರಿಪ್ಟ್ ಬರೀಬೇಡಿ. ಸರ್ವರ್ ಸ್ಟಾರ್ಟ್ ಆಗುವಾಗ ಯಾವ ಕೋಡ್ ಫೈಲನ್ನ ಓದತ್ತೋ ಅದೇ ಕೋಡ್ ಓಡ್ಬೇಕು, ಪೋರ್ಟ್ ಹಿಡಿಯೋ ಮುಂಚೆ ನಿಲ್ಲಬೇಕು, ಅಷ್ಟೇ ವ್ಯತ್ಯಾಸ. ಎರಡು ಬೇರೆ ಆದ್ರೆ ಆರು ತಿಂಗಳಲ್ಲಿ ಅವೆರಡೂ ಬೇರೆ ಬೇರೆ ಮಾತಾಡೋಕೆ ಶುರು ಮಾಡ್ತವೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯೂರಿಟಿ ಕಂಪನಿಯ ಒಂದು ಅಪ್‌ಡೇಟಿಂದ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಮಶೀನ್‌ಗಳು ನೀಲಿ ಸ್ಕ್ರೀನ್ ತೋರಿಸಿ ಬಿದ್ದವಲ್ಲ, ಅದು ಹೊಸ ಪ್ರೋಗ್ರಾಂ ಅಲ್ಲ, ಕಾನ್ಫಿಗರೇಶನ್ ಥರದ ಒಂದು ಡೇಟಾ ಫೈಲು. ಆ ಫೈಲು 21ನೇ ಇನ್‌ಪುಟ್ ನೋಡು ಅಂತಿತ್ತು, ಮಶೀನಲ್ಲಿ ಕೂತಿರೋ ಅವರ ಸೆನ್ಸರ್ ಕೋಡ್ ಕೊಡ್ತಿದ್ದಿದ್ದು 20. ಹಾಗಂತ ಚೆಕ್ ಮಾಡೋ ವ್ಯವಸ್ಥೆ ಇರ್ಲಿಲ್ಲ ಅಂತಲ್ಲ, ವ್ಯಾಲಿಡೇಟರ್ ಇತ್ತು, ಅದರಲ್ಲೇ ಬಗ್ ಇದ್ದಿದ್ರಿಂದ ಅದು ಫೈಲನ್ನ ಪಾಸ್ ಮಾಡ್ತು, ಮತ್ತೆ ಸ್ವಲ್ಪ ಜನಕ್ಕೆ ಮೊದಲು ಕೊಟ್ಟು ನೋಡೋ ಪದ್ಧತಿ ಆ ಥರದ ಫೈಲಿಗೆ ಇರ್ಲಿಲ್ಲ. ಬರೀ ಸೆಟ್ಟಿಂಗ್ ಅಲ್ವಾ ಅಂತ ಹಗುರವಾಗಿ ನೋಡೋರಿಗೆ ನಾನು ಇದನ್ನೇ ಹೇಳೋದು.

ಚೆಕ್ ಏನೇನು ಹಿಡೀಬೇಕು? ಗೊತ್ತಿಲ್ಲದ ಹೆಸರು ಬಂದ್ರೆ ಸುಮ್ನೆ ಬಿಡಬಾರದು, ನಿಲ್ಲಿಸ್ಬೇಕು. ಮ್ಯಾಕ್ಸ್ ಕನೆಕ್ಷನ್ಸ್ ಅನ್ನೋದನ್ನ ಒಂದು ಅಕ್ಷರ ತಪ್ಪಾಗಿ ಬರೆದ್ರೆ ಸಾಫ್ಟ್‌ವೇರ್ ಅದನ್ನ ನೋಡದ ಹಾಗೆ ಮುಂದೆ ಹೋಗಿ ಡೀಫಾಲ್ಟ್ ಹಾಕ್ಕೊಂಡ್ರೆ ಅಡ್ಮಿನ್ ಪಾಪ ವಾರಗಟ್ಟಲೆ ಬೇರೆ ಕಡೆ ಹುಡುಕ್ತಾರೆ. ನೀವು ಬರೆದ ಹೆಸರು ಇಲ್ಲ, ಇದಾ ನಿಮಗೆ ಬೇಕಾಗಿದ್ದು ಅಂತ ಹತ್ತಿರದ ಹೆಸರು ತೋರಿಸೋದು ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಯೂನಿಟ್. ಟೈಮ್‌ಔಟ್ 30 ಅಂದ್ರೆ ಸೆಕೆಂಡಾ ಮಿಲಿಸೆಕೆಂಡಾ? ಎಂಜಿನ್‌ಎಕ್ಸ್‌ನಲ್ಲಿ 30ರ ಪಕ್ಕ ಎಸ್ ಅಂತ ಹಾಕ್ಬಹುದು, ಪೋಸ್ಟ್‌ಗ್ರೆಸ್‌ನಲ್ಲಿ ಎಂಬಿ ಜಿಬಿ ಅಂತ ಬರೀಬಹುದು, ನಿಮ್ಮದ್ರಲ್ಲೂ ಹಾಗೆ ಒಪ್ಕೊಳ್ಳಿ, ಯೂನಿಟ್ ಇಲ್ಲದ ಬರೀ ನಂಬರ್‌ಗೆ ವಾರ್ನಿಂಗ್ ಕೊಡಿ. ಇನ್ನು ಒಂದಕ್ಕೊಂದು ತಾಳೆ ಆಗ್ಬೇಕಾದವು, ಕನಿಷ್ಠ ಥ್ರೆಡ್ ಗರಿಷ್ಠಕ್ಕಿಂತ ಜಾಸ್ತಿ ಇದ್ಯಾ, ಸರ್ಟಿಫಿಕೇಟಿಗೂ ಕೀಗೂ ಜೋಡಿ ಹೊಂದತ್ತಾ, ಡೈರೆಕ್ಟರಿಗೆ ಬರೆಯೋ ಪರ್ಮಿಷನ್ ಇದ್ಯಾ. ಎರರ್ ಮೆಸೇಜ್ ಅಂತೂ ಇನ್‌ವ್ಯಾಲಿಡ್ ಕಾನ್ಫಿಗರೇಶನ್ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇರಬಾರದು. ಯಾವ ಫೈಲು, ಎಷ್ಟನೇ ಲೈನು, ಏನು ಬರೆದಿದ್ರಿ, ಏನು ಇರ್ಬೇಕಿತ್ತು. ಮತ್ತೆ ಇನ್ನೊಂದು, ಮೊದಲನೇ ತಪ್ಪು ಸಿಕ್ಕ ತಕ್ಷಣ ನಿಲ್ಲದೆ ಎಲ್ಲ ತಪ್ಪನ್ನೂ ಒಂದೇ ಸಲ ಹೇಳಿ, ಒಂದು ಸರಿ ಮಾಡಿ ಓಡಿಸು, ಇನ್ನೊಂದು ಸರಿ ಮಾಡಿ ಓಡಿಸು ಅಂತ ಆಟ ಆಡಿಸ್ಬೇಡಿ.

ಈ ಚೆಕ್ ಕಮಾಂಡ್ ಬಂದ್ರೆ ಇನ್ನೊಂದು ಲಾಭ ಪುಕ್ಕಟೆ ಬರತ್ತೆ. ತುಂಬಾ ಸರ್ವರ್‌ಗಳಿಗೆ ಒಂದೇ ಕಡೆಯಿಂದ ಸೆಟ್ಟಿಂಗ್ ಹಾಕೋ ಆನ್ಸಿಬಲ್ ಟೂಲ್ ಬಳಸೋರು ಟೆಂಪ್ಲೇಟ್ ಹಾಕುವಾಗ ವ್ಯಾಲಿಡೇಟ್ ಅಂತ ಒಂದು ಆಪ್ಷನ್ ಕೊಡ್ಬಹುದು, ಫೈಲನ್ನ ಜಾಗಕ್ಕೆ ಇಡೋ ಮುಂಚೆ ಆ ಕಮಾಂಡ್ ಓಡಿಸಿ, ಫೇಲ್ ಆದ್ರೆ ಹಳೇ ಫೈಲನ್ನ ಮುಟ್ಟದೆ ನಿಲ್ಲಿಸತ್ತೆ. ಅದಕ್ಕೆ ನೀವು ಮಾಡ್ಬೇಕಾಗಿರೋದು ಎರಡೇ, ಯಾವ ಫೈಲ್ ಚೆಕ್ ಮಾಡ್ಲಿ ಅಂತ ಆರ್ಗ್ಯುಮೆಂಟ್ ತಗೊಳ್ಳೋದು, ತಪ್ಪಿದ್ರೆ ಸೊನ್ನೆ ಅಲ್ಲದ ಎಕ್ಸಿಟ್ ಕೋಡ್ ಕೊಡೋದು.

ಇನ್ನು ರೀಸ್ಟಾರ್ಟ್ ವಿಷಯ, ಇದು ಸ್ವಲ್ಪ ದೊಡ್ಡದು. ಏನೇ ಬದಲಾಯಿಸಿದ್ರೂ ರೀಸ್ಟಾರ್ಟ್ ಅಂದ್ರೆ ಅಡ್ಮಿನ್ ರಾತ್ರಿ ಕಾಯ್ಬೇಕು, ಪರ್ಮಿಷನ್ ಕೇಳ್ಬೇಕು, ಅಷ್ಟರಲ್ಲಿ ಬದಲಾಯಿಸೋ ಉತ್ಸಾಹನೇ ಹೋಗಿರತ್ತೆ. ಯೂನಿಕ್ಸ್‌ನಲ್ಲಿ ಇದಕ್ಕೆ ಹಳೇ ಪದ್ಧತಿ ಸಿಗ್‌ಹಪ್ ಸಿಗ್ನಲ್. ಅದರ ಮೂಲ ಅರ್ಥ ಟರ್ಮಿನಲ್ ಲೈನ್ ಕಟ್ ಆಯ್ತು ಅಂತ, ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂಗಳಾದ ಡೀಮನ್‌ಗಳಿಗೆ ಟರ್ಮಿನಲ್ಲೇ ಇಲ್ಲದ್ರಿಂದ ಆ ಸಿಗ್ನಲ್ ಖಾಲಿ ಬಿದ್ದಿತ್ತು, ಕಾನ್ಫಿಗ್ ಮತ್ತೆ ಓದು ಅನ್ನೋಕೆ ಬಳಸ್ಕೊಂಡ್ರು. ಎಂಜಿನ್‌ಎಕ್ಸ್ ಹೇಗೆ ಮಾಡತ್ತೆ ನೋಡಿ, ಮಾಸ್ಟರ್ ಪ್ರೋಸೆಸ್ ಹೊಸ ಕಾನ್ಫಿಗನ್ನ ಪೂರ್ತಿ ಓದಿ ಲಾಗ್ ಫೈಲು ಸಾಕೆಟ್ಟು ತೆರೆಯೋಕೆ ಪ್ರಯತ್ನ ಮಾಡತ್ತೆ, ಎಲ್ಲಾದ್ರೂ ಎಡವಿದ್ರೆ ಹಳೇದ್ರಲ್ಲೇ ಮುಂದುವರಿಯತ್ತೆ, ಗೆದ್ರೆ ಹೊಸ ವರ್ಕರ್‌ಗಳನ್ನ ಹುಟ್ಟಿಸಿ ಹಳೇ ವರ್ಕರ್‌ಗಳಿಗೆ ಕೈಲಿರೋ ರಿಕ್ವೆಸ್ಟ್ ಮುಗಿಸಿ ಹೋಗಿ ಅನ್ನತ್ತೆ. ನೀವು ವರ್ಕರ್ ಮಾಡೆಲ್ ಮಾಡ್ಬೇಕಿಲ್ಲ. ಹೊಸ ಫೈಲನ್ನ ಓದಿ ಪೂರ್ತಿ ಹೊಸ ಆಬ್ಜೆಕ್ಟ್ ಕಟ್ಟಿ, ಚೆಕ್ ಮಾಡಿ, ಎಲ್ಲ ಸರಿ ಇದ್ರೆ ಪಾಯಿಂಟರನ್ನ ಒಂದೇ ಸಲ ಆ ಕಡೆ ತಿರುಗಿಸಿ. ಒಂದೊಂದೇ ಸೆಟ್ಟಿಂಗ್ ಓದ್ತಾ ಓದ್ತಾ ಹಾಕ್ತಾ ಹೋದ್ರೆ ಮಧ್ಯದಲ್ಲಿ ಎರರ್ ಬಂದಾಗ ಅರ್ಧ ಹಳೇದು ಅರ್ಧ ಹೊಸದು ಆಗಿರತ್ತೆ, ಅದನ್ನ ಡೀಬಗ್ ಮಾಡೋ ಪಾಡು ಶತ್ರುವಿಗೂ ಬೇಡ.

ಎಲ್ಲವನ್ನೂ ಲೈವ್ ಬದಲಾಯಿಸೋಕೆ ಆಗಲ್ಲ, ಆಗ್ಬೇಕಾಗೂ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ವರ್ಕ್ ಮೆಮ್ ಅನ್ನೋ ಸೆಟ್ಟಿಂಗನ್ನ ಬೇಕಾದಾಗ ಬದಲಾಯಿಸಿ, ಶೇರ್ಡ್ ಬಫರ್ಸ್‌ಗೆ ರೀಸ್ಟಾರ್ಟ್ ಬೇಕೇ ಬೇಕು, ಯಾಕಂದ್ರೆ ಆ ಮೆಮೊರಿ ಶುರುವಿನಲ್ಲೇ ಹಿಡಿದಿಡೋದು. ಆದ್ರೆ ಅವರು ಅದನ್ನ ಬಚ್ಚಿಟ್ಟಿಲ್ಲ. ನಾನು ಮೇಲೆ ಹೇಳಿದ ವ್ಯೂನಲ್ಲಿ ಕಾಂಟೆಕ್ಸ್ಟ್ ಅಂತ ಒಂದು ಕಾಲಂ ಇದೆ, ಪೋಸ್ಟ್‌ಮಾಸ್ಟರ್ ಅಂತ ಇದ್ರೆ ರೀಸ್ಟಾರ್ಟ್, ಸಿಗ್‌ಹಪ್ ಅಂತ ಇದ್ರೆ ರೀಲೋಡ್ ಸಾಕು, ಯೂಸರ್ ಅಂತ ಇದ್ರೆ ಒಂದು ಸೆಷನ್‌ಗೆ ಮಾತ್ರಾನೂ ಬದಲಾಯಿಸ್ಬಹುದು. 9.5ನೇ ವರ್ಶನ್‌ನಲ್ಲಿ ಪೆಂಡಿಂಗ್ ರೀಸ್ಟಾರ್ಟ್ ಅನ್ನೋ ಕಾಲಂ ಕೂಡ ಸೇರಿಸಿದ್ರು, ಫೈಲಲ್ಲಿ ಬದಲಾಗಿದೆ ಆದ್ರೆ ರೀಸ್ಟಾರ್ಟ್‌ಗೆ ಕಾಯ್ತಿದೆ ಅಂತ ಹೇಳೋದಕ್ಕೆ. ನನ್ನ ಮುಟ್ಟಬೇಡಿ ಫೈಲಿನ ಕಾಲದಲ್ಲಿ ಇಂಥ ಒಂದು ಕಾಲಂ ಇದ್ದಿದ್ರೆ ಆ ರಾತ್ರಿ ನಾನು ಮಲಗಿರ್ತಿದ್ದೆ. ನಿಮ್ಮ 300 ಐಟಂಗೂ ಈ ಒಂದು ಗುರುತು ಹಾಕಿ, ಲೈವ್ ಆಗತ್ತಾ ಇಲ್ವಾ. ಹಾಗೇ ರೀಲೋಡ್ ಮಾಡಿದಾಗ ಏನಾಯ್ತು ಅಂತ ಹೇಳಿ, ಈ ಮೂರು ಬದಲಾಯ್ತು, ಈ ಒಂದು ರೀಸ್ಟಾರ್ಟ್‌ಗೆ ಕಾಯ್ತಿದೆ ಅಂತ. ಮಾನಿಟರಿಂಗ್ ಟೂಲ್ ಪ್ರೊಮಿಥಿಯಸ್‌ನೋರು ಕೊನೇ ರೀಲೋಡ್ ಸಕ್ಸಸ್ ಆಯ್ತಾ ಅನ್ನೋದನ್ನೇ ಒಂದು ಮೆಟ್ರಿಕ್ ಮಾಡಿ ಇಟ್ಟಿದ್ದಾರೆ, ಅದಕ್ಕೆ ಅಲರ್ಟ್ ಹಾಕಿದ್ರೆ ಯಾರೋ ತಪ್ಪು ಫೈಲ್ ಇಟ್ಟು ಹೋಗಿದ್ದು ಅವತ್ತೇ ಗೊತ್ತಾಗತ್ತೆ, ಮೂರು ತಿಂಗಳಾದ ಮೇಲೆ ಮಶೀನ್ ರೀಬೂಟ್ ಆದಾಗ ಅಲ್ಲ.

ಇದರ ಉಲ್ಟಾ ಸಮಸ್ಯೆನೂ ಇದೆ, ಲೈವ್ ಬದಲಾಗಿದೆ, ಫೈಲಲ್ಲಿ ಇಲ್ಲ. ನೆಟ್‌ವರ್ಕ್ ಜನರಿಗೆ ಇದು ಚೆನ್ನಾಗಿ ಗೊತ್ತು, ಸಿಸ್ಕೋ ರೌಟರಲ್ಲಿ ರನ್ನಿಂಗ್ ಕಾನ್ಫಿಗ್ ಬೇರೆ, ಸ್ಟಾರ್ಟಪ್ ಕಾನ್ಫಿಗ್ ಬೇರೆ, ಸೇವ್ ಮಾಡೋದು ಮರೆತ್ರೆ ಕರೆಂಟ್ ಹೋಗಿ ಬಂದಾಗ ಬದಲಾವಣೆನೂ ಹೋಗಿರತ್ತೆ. ಮೈಎಸ್‌ಕ್ಯೂಎಲ್ ಡೇಟಾಬೇಸಲ್ಲಿ ಸೆಟ್ ಗ್ಲೋಬಲ್ ಕಮಾಂಡ್ ಹೊಡೆದು ಸಮಸ್ಯೆ ಬಗೆಹರಿಸಿ, ಫೈಲಲ್ಲಿ ಬರೆಯೋದು ಮರೆತು, ಮುಂದಿನ ರೀಸ್ಟಾರ್ಟ್‌ಗೆ ಅದೇ ಸಮಸ್ಯೆ ಮತ್ತೆ ಬಂದು ತಲೆ ಮೇಲೆ ಕೈ ಹೊತ್ತು ಕೂತವರು ಎಷ್ಟೋ ಜನ. 2018ರಲ್ಲಿ ಅದರ 8.0 ವರ್ಶನ್ ಬಂದಾಗ ಸೆಟ್ ಪರ್ಸಿಸ್ಟ್ ಬಂತು, ಲೈವ್ ಆಗೂ ಬದಲಾಗತ್ತೆ, ಪಕ್ಕದ ಒಂದು ಫೈಲಲ್ಲೂ ಬರೆದಿಡತ್ತೆ. ರೆಡಿಸ್ ಅನ್ನೋ ಇನ್ನೊಂದು ಡೇಟಾಬೇಸಲ್ಲಿ ಕಾನ್ಫಿಗ್ ರೀರೈಟ್ ಕಮಾಂಡ್ ಇರೋದೂ ಇದಕ್ಕೇ. ಹಾಗಾಗಿ ಲೈವ್ ಬದಲಾಯಿಸೋ ದಾರಿ ಕೊಟ್ರೆ ಅದು ಉಳಿಯತ್ತಾ ಹೋಗತ್ತಾ ಅನ್ನೋದನ್ನ ಕಮಾಂಡಿನ ಹೆಸರಲ್ಲೇ ಹೇಳಿಬಿಡಿ.

ವಾಪಸ್ ಬರೋದು. ಇದರಲ್ಲಿ ನನಗೆ ಇವತ್ತಿಗೂ ಇಷ್ಟ ಆಗೋದು ಜುನಿಪರ್ ರೌಟರ್‌ಗಳ ಪದ್ಧತಿ. ನೀವು ತಿದ್ದೋದು ಒಂದು ಕ್ಯಾಂಡಿಡೇಟ್ ಕಾಪಿಯನ್ನ, ಓಡ್ತಿರೋದನ್ನಲ್ಲ. ಎರಡಕ್ಕೂ ಏನು ವ್ಯತ್ಯಾಸ ಅಂತ ನೋಡಿ, ಆಮೇಲೆ ಕಮಿಟ್ ಮಾಡಿ. ಹಳೇ ಕಾನ್ಫಿಗ್‌ಗಳು ಸೊನ್ನೆಯಿಂದ 49ರವರೆಗೆ ನಂಬರ್ ಹಾಕ್ಕೊಂಡು ಕೂತಿರ್ತವೆ, ಬೇಕಾದ್ದಕ್ಕೆ ರೋಲ್‌ಬ್ಯಾಕ್ ಮಾಡಿ. ಅದಕ್ಕಿಂತ ಚೆಂದ ಕಮಿಟ್ ಕನ್ಫರ್ಮ್ಡ್ ಅನ್ನೋದು, ಬದಲಾವಣೆ ಜಾರಿಗೆ ಬರತ್ತೆ, ಆದ್ರೆ ಹತ್ತು ನಿಮಿಷದೊಳಗೆ ನೀವು ಇನ್ನೊಂದು ಸಲ ಹೌದು ಅಂತ ಹೇಳ್ಲಿಲ್ಲ ಅಂದ್ರೆ ಅದೇ ತನ್ನಷ್ಟಕ್ಕೆ ಹಳೇದಕ್ಕೆ ಹೋಗತ್ತೆ. ದೂರದ ರೌಟರ್‌ನ ಫೈರ್‌ವಾಲ್ ತಿದ್ದಿ ನಿಮ್ಮನ್ನೇ ಹೊರಗೆ ಹಾಕ್ಕೊಂಡ್ರೂ ಗಾಬರಿ ಇಲ್ಲ, ಕಾಯ್ತಾ ಕೂತ್ರೆ ಸಾಕು. ಉಬುಂಟು ಲಿನಕ್ಸಲ್ಲಿ ನೆಟ್‌ವರ್ಕ್ ಸೆಟ್ಟಿಂಗಿಗೆ ನೆಟ್‌ಪ್ಲಾನ್ ಟ್ರೈ ಅಂತ ಇದೆಯಲ್ಲ, ಅದೂ ಇದೇ ಬುದ್ಧಿ, ಅಲ್ಲಿ 120 ಸೆಕೆಂಡ್. ನಿಮ್ಮ ಸರ್ವರ್‌ನಲ್ಲಿ ಲಿಸನ್ ಅಡ್ರೆಸ್, ಲಾಗಿನ್, ಅನುಮತಿ ಪಟ್ಟಿ ಇಂಥವಕ್ಕಾದ್ರೂ ಇದನ್ನ ಕೊಡಿ. ಅಷ್ಟು ಆಗ್ಲಿಲ್ಲ ಅಂದ್ರೆ ಕನಿಷ್ಠ ಕೊನೇ ಸಲ ಸರಿಯಾಗಿ ಓಡಿದ ಕಾಪಿಯನ್ನ ಪಕ್ಕದಲ್ಲಿ ಇಟ್ಕೊಳ್ಳಿ, ಒಂದು ಕಮಾಂಡಲ್ಲಿ ಅದಕ್ಕೆ ಹೋಗೋ ಹಾಗೆ. ಸೆಟ್ಟಿಂಗ್ ಫೈಲ್‌ಗಳಿರೋ ಎಟ್ಸಿ ಡೈರೆಕ್ಟರಿಯನ್ನೇ ಬದಲಾವಣೆಗಳ ಲೆಕ್ಕ ಇಡೋ ಗಿಟ್‌ನಲ್ಲಿ ಇಡೋ ಎಟ್ಸಿಕೀಪರ್ ಬಳಸೋರೂ ಇರ್ತಾರೆ, ಅಂಥವರಿಗೆ ನೀವು ಮಾಡ್ಬೇಕಾದ ಉಪಕಾರ ಒಂದೇ, ಪ್ರತಿ ಸಲ ಸೇವ್ ಮಾಡಿದಾಗ ಫೈಲಿನ ಸಾಲುಗಳನ್ನ ಹಿಂದೆಮುಂದೆ ಮಾಡಿ ಕಾಮೆಂಟ್ ಅಳಿಸಿ ಡಿಫ್, ಅಂದ್ರೆ ಹಳೇದಕ್ಕೂ ಹೊಸದಕ್ಕೂ ಇರೋ ವ್ಯತ್ಯಾಸದ ಪಟ್ಟಿ, ಕೆಡಿಸ್ಬೇಡಿ.

300 ಐಟಂ ಬಗ್ಗೆ. 2015ರಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಸಂಶೋಧಕರ ತಂಡ ಒಂದು ಅಧ್ಯಯನ ಪ್ರಕಟ ಮಾಡ್ತು, ನಿಜವಾದ ಯೂಸರ್‌ಗಳ ಕಾನ್ಫಿಗ್ ತೆಗೆದು ನೋಡಿದ್ರು. ಹೆಚ್ಚಿನ ಯೂಸರ್‌ಗಳು ಕೈ ಹಾಕೋದು 6.1ರಿಂದ 16.7 ಪರ್ಸೆಂಟ್ ಸೆಟ್ಟಿಂಗ್‌ಗಳಿಗೆ ಮಾತ್ರ, ಕೆಲವು ಸಾಫ್ಟ್‌ವೇರ್‌ನಲ್ಲಿ 54.1 ಪರ್ಸೆಂಟ್‌ವರೆಗೆ ಸೆಟ್ಟಿಂಗ್‌ಗಳನ್ನ ಯಾರೂ ಮುಟ್ಟೋದೇ ಅಪರೂಪ. ನಿಮ್ಮದೂ ಇದಕ್ಕಿಂತ ಬೇರೆ ಇರಲ್ಲ. ಆ 300ರಲ್ಲಿ ಎಷ್ಟು ಐಟಂ ನಿಮ್ಮ ಟೀಮಿನ ಇಬ್ಬರಿಗೆ ಒಮ್ಮತ ಬರದೆ, ಸರಿ ಬಿಡಪ್ಪಾ ಸೆಟ್ಟಿಂಗ್ ಮಾಡಿಬಿಡೋಣ ಅಂತ ಹುಟ್ಟಿದ್ದು, ನಿಜ ಹೇಳಿ. ಅಳಿಸೋಕೆ ಧೈರ್ಯ ಇಲ್ಲಾಂದ್ರೆ ಮೇನ್ ಫೈಲಿಂದ ಹೊರಗೆ ಹಾಕಿ, ಡೀಫಾಲ್ಟ್ ಎಲ್ಲ ಕೋಡ್ ಒಳಗೇ ಇರ್ಲಿ, ಅಡ್ಮಿನ್ ಫೈಲಲ್ಲಿ ಅವರು ಬದಲಾಯಿಸಿದ್ದು ಮಾತ್ರ ಇರ್ಲಿ. ಲಿನಕ್ಸಲ್ಲಿ ಸರ್ವಿಸ್‌ಗಳನ್ನ ನಡೆಸೋ ಸಿಸ್ಟಮ್‌ಡಿ ಥರ, ಪ್ಯಾಕೇಜ್ ಜೊತೆ ಬಂದಿದ್ದು ಒಂದು ಕಡೆ, ಅಡ್ಮಿನ್‌ನ ಓವರ್‌ರೈಡ್ ಇನ್ನೊಂದು ಡೈರೆಕ್ಟರಿಲಿ. ಆಗ ನಿಮ್ಮ ಹೊಸ ವರ್ಶನ್ ಬಂದಾಗ ನಿಮ್ಮ ಫೈಲ್ ಇಡ್ಲಾ ಅವರ ಫೈಲ್ ಇಡ್ಲಾ ಅನ್ನೋ ಜಗಳ ಇರಲ್ಲ. ಡೈರೆಕ್ಟರಿಲಿ ಹಲವು ಫೈಲ್ ಬಿಟ್ರೆ ಯಾವುದು ಗೆಲ್ಲತ್ತೆ ಅನ್ನೋದನ್ನ ಮಾತ್ರ ಬರೆದಿಡಿ, ಎಸ್‌ಎಸ್‌ಎಚ್ ಕತೆ ಮೇಲೆ ಓದಿದ್ರಲ್ಲ.

ಯಾಮಲ್ ಬೇಕಾ? ಇದಕ್ಕೆ ಜಾಸ್ತಿ ಸಮಯ ಕೊಡಲ್ಲ ನಾನು. ಎಕ್ಸ್‌ಎಂಎಲ್ ನೋಡೋಕೆ ಚೆನ್ನಾಗಿಲ್ಲ ನಿಜ, ಆದ್ರೆ ಯಾಮಲ್‌ಗೆ ಅದರದ್ದೇ ಗುಂಡಿಗಳಿವೆ, ಹಳೇ 1.1 ನಿಯಮದಲ್ಲಿ ನಾರ್ವೆ ದೇಶದ ಕೋಡ್ ಎನ್‌ಒ ಅಂತ ಬರೆದ್ರೆ ಅದು ಫಾಲ್ಸ್ ಆಗತ್ತೆ, 22:22 ಅಂತ ಪೋರ್ಟ್ ಬರೆದ್ರೆ ಅರವತ್ತರ ಲೆಕ್ಕ ಅಂದ್ಕೊಂಡು 1342 ಮಾಡತ್ತೆ. 2009ರ 1.2 ಅದನ್ನ ಸರಿ ಮಾಡ್ತು, ಆದ್ರೆ ಹಳೇ ನಿಯಮ ಪಾಲಿಸೋ ಲೈಬ್ರರಿಗಳು ಇನ್ನೂ ಇವೆ. ಜೇಸನ್ ಅನ್ನೋ ಫಾರ್ಮ್ಯಾಟಲ್ಲಿ ಕಾಮೆಂಟೇ ಬರೆಯೋಕೆ ಆಗಲ್ಲ, ಯಾಕೆ ಬದಲಾಯಿಸಿದ್ವಿ ಅಂತ ಬರೆದಿಡೋಕೆ ಜಾಗ ಇಲ್ಲದ ಫೈಲನ್ನ ಮನುಷ್ಯರಿಗೆ ಕೊಡ್ಬಾರದು ಅನ್ನೋದು ನನ್ನ ಹಠ. ಹೊಸದಾಗಿ ಶುರು ಮಾಡಿದ್ರೆ ಟಾಮಲ್ ಫಾರ್ಮ್ಯಾಟ್ ತಗೊಳ್ಳಿ ಅಂತಿದ್ದೆ. ಈಗಾಗ್ಲೇ ಇರೋ ಎಲ್ಲರ ಫೈಲನ್ನ ಬದಲಾಯಿಸೋ ನೋವಿಗೆ ಹೋಲಿಸಿದ್ರೆ ಎಕ್ಸ್‌ಎಂಎಲ್ಲೇ ಇರ್ಲಿ ಬಿಡಿ. ಹಾಂ, ಒಂದು ಮಾತ್ರ ಬೇಡ, ಒಂದು ಭಾಷೇಲಿ ಬರೆದು ಇನ್ನೊಂದು ಫೈಲ್ ಜನರೇಟ್ ಮಾಡೋದು. ಹಳೇ ಮೇಲ್ ಸರ್ವರ್ ಸೆಂಡ್‌ಮೇಲ್ ಕಾಲದಲ್ಲಿ ಎಂ4 ಮ್ಯಾಕ್ರೋದಲ್ಲಿ ಬರೆದು ಸಿಎಫ್ ಫೈಲ್ ಹುಟ್ಟಿಸ್ತಿದ್ವಿ, ನೀವು ಬರೆದಿದ್ದು ಒಂದು, ಸರ್ವರ್ ಓದಿದ್ದು ಇನ್ನೊಂದು, ತಪ್ಪಾದಾಗ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನೋಡ್ಬೇಕಿತ್ತು.

ಈಗ ನಿಮ್ಮ ಮ್ಯಾನೇಜರ್ ಪ್ಯಾನಲ್. ಮಾಡ್ಬೇಡಿ ಅಂತಿಲ್ಲ, ಈಗ್ಲೇ ಮಾಡ್ಬೇಡಿ ಅಂತಿದೀನಿ. ಎರಡು ಕಡೆಯಿಂದ ಬದಲಾಯಿಸೋ ಹಾಗಾದ್ರೆ ಎತ್ತು ಏರಿಗೆ ಕೋಣ ನೀರಿಗೆ, ಒಬ್ಬರು ಪ್ಯಾನಲ್‌ನಲ್ಲಿ 60 ಮಾಡ್ತಾರೆ, ರಾತ್ರಿ ಆನ್ಸಿಬಲ್ ಓಡಿ ಮತ್ತೆ 30 ಮಾಡತ್ತೆ, ಬೆಳಿಗ್ಗೆ ಟಿಕೆಟ್ ನಿಮಗೆ. ಪೋಸ್ಟ್‌ಗ್ರೆಸ್ 2014ರಲ್ಲಿ 9.4ರ ಜೊತೆ ಆಲ್ಟರ್ ಸಿಸ್ಟಮ್ ಅನ್ನೋ ಸೆಟ್ಟಿಂಗ್ ಬದಲಾಯಿಸೋ ಕಮಾಂಡ್ ತಂದಾಗ ಮಾಡಿದ್ದನ್ನ ನೋಡಿ ಕಲೀಬಹುದು. ಅಡ್ಮಿನ್ ಕೈಯಲ್ಲಿ ಬರೆದ ಫೈಲನ್ನ ಅವರು ಮುಟ್ಟೋಕೆ ಹೋಗ್ಲಿಲ್ಲ, ಕಮಾಂಡಿಂದ ಬಂದಿದ್ದೆಲ್ಲ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಆಟೋ ಡಾಟ್ ಕಾನ್ಫ್ ಅನ್ನೋ ಬೇರೆ ಫೈಲಿಗೆ ಹೋಗತ್ತೆ, ಅದನ್ನ ಕೊನೇಲಿ ಓದತ್ತೆ, ಯಾವುದು ಎಲ್ಲಿಂದ ಅಂತ ವ್ಯೂ ಹೇಳತ್ತೆ. ಹತ್ತು ವರ್ಷ ಆದ ಮೇಲೆ 2024ರ 17ನೇ ವರ್ಶನ್‌ನಲ್ಲಿ ಇನ್ನೊಂದು ಸೆಟ್ಟಿಂಗ್ ಸೇರಿಸಿದ್ರು, ಆಲ್ಟರ್ ಸಿಸ್ಟಮ್‌ನೇ ಆಫ್ ಮಾಡೋಕೆ, ಯಾಕಂದ್ರೆ ಫೈಲನ್ನ ಬೇರೆ ಟೂಲಿಂದ ನಿಭಾಯಿಸೋರಿಗೆ ಈ ಎರಡನೇ ಬಾಗಿಲು ತಲೆನೋವು. ನಿಮ್ಮ ಪ್ಯಾನಲ್ ಕೂಡ ತನ್ನದೇ ಫೈಲಿಗೆ ಬರೀಲಿ, ಅದೇ ಚೆಕ್ ಕೋಡ್ ದಾಟ್ಲಿ, ಯಾರು ಯಾವಾಗ ಯಾಕೆ ಅಂತ ದಾಖಲಾಗ್ಲಿ, ಬೇಡ ಅನ್ನೋರಿಗೆ ಪೂರ್ತಿ ಆಫ್ ಮಾಡೋಕೆ ಆಗ್ಲಿ, ಪಾಸ್‌ವರ್ಡು ಕೀಗಳನ್ನ ತೋರಿಸದೆ ಇರ್ಲಿ. ಬರೆಯುವಾಗ ಟೆಂಪ್ ಫೈಲಿಗೆ ಬರೆದು ಎಫ್‌ಸಿಂಕ್ ಮಾಡಿ (ಡಿಸ್ಕಿಗೆ ಇಳಿದಿದ್ದು ಖಾತ್ರಿ ಮಾಡ್ಕೊಂಡು) ರೀನೇಮ್ ಮಾಡಿ, ಅರ್ಧ ಬರೆದಾಗ ಮಶೀನ್ ಬಿದ್ರೂ ಹಳೇ ಫೈಲ್ ಹಾಗೇ ಇರತ್ತೆ. ಮತ್ತೆ ಮ್ಯಾನೇಜರ್‌ಗೆ ಇದನ್ನೂ ಹೇಳಿ, 40 ಸರ್ವರ್ ನೋಡ್ಕೊಳ್ಳೋ ಅಡ್ಮಿನ್ 40 ಪ್ಯಾನಲ್‌ಗೆ ಲಾಗಿನ್ ಆಗಿ ಕ್ಲಿಕ್ ಮಾಡಲ್ಲ.

ಎಲ್ಲಿಂದ ಶುರು ಅಂದ್ರೆ, ಕಳೆದ ಆರು ತಿಂಗಳ ಟಿಕೆಟ್ ತೆಗೀರಿ, ಯಾವ ಸೆಟ್ಟಿಂಗ್‌ಗೆ ಎಷ್ಟು ಸಲ ಬಂದಿದೆ ಎಣಿಸಿ. ಹತ್ತು ಹನ್ನೆರಡು ಹೆಸರು ಮೇಲೆ ಬರ್ತವೆ, ಟೈಮ್‌ಔಟು, ಲಾಗ್ ಲೆವೆಲ್ಲು, ಕನೆಕ್ಷನ್ ಲಿಮಿಟ್ಟು ಇಂಥವೇ. ತೋರಿಸೋ ಕಮಾಂಡು ಚೆಕ್ ಕಮಾಂಡು ಎರಡನ್ನೂ 300ಕ್ಕೂ ಮಾಡಿ, ರೀಲೋಡ್ ಮಾತ್ರ ಮೊದಲು ಈ ಹನ್ನೆರಡಕ್ಕೆ ಮಾಡಿ. ಲಾಗ್ ಲೆವೆಲ್‌ನಿಂದ್ಲೇ ಶುರು ಮಾಡಿ, ಯಾಕಂದ್ರೆ ಸಮಸ್ಯೆ ನಡೀತಿರುವಾಗ ಡೀಬಗ್ ಲಾಗ್ ಬೇಕು ಅಂತ ರೀಸ್ಟಾರ್ಟ್ ಮಾಡಿದ್ರೆ ಸಮಸ್ಯೆನೇ ಮಾಯ ಆಗಿಬಿಡತ್ತೆ.

ಕೊನೇದಾಗಿ ಕಂಟೇನರ್ ಪ್ರಶ್ನೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಹತ್ತು ಸೆಟ್ಟಿಂಗ್‌ಗೆ ಚೆಂದ, ಡೇಟಾಬೇಸ್ ಅಡ್ರೆಸ್ಸು ಪೋರ್ಟು ಇಂಥದ್ದಕ್ಕೆ, 300ಕ್ಕೆ ಅಲ್ಲ. ಅದೂ ಅಲ್ದೆ ಪ್ರೋಸೆಸ್ ಶುರುವಾದ ಮೇಲೆ ಹೊರಗಿಂದ ಅದನ್ನ ಬದಲಾಯಿಸೋಕೆ ಆಗಲ್ಲ, ಅಂದ್ರೆ ಮತ್ತೆ ರೀಸ್ಟಾರ್ಟ್‌ಗೇ ಬಂದ್ರಿ. ಕಂಟೇನರ್‌ಗಳನ್ನ ನಿಭಾಯಿಸೋ ಕುಬರ್ನೆಟಿಸ್‌ನಲ್ಲಿ ಸೆಟ್ಟಿಂಗ್ ಇಡೋ ಕಾನ್ಫಿಗ್‌ಮ್ಯಾಪನ್ನ ವೇರಿಯಬಲ್ ಆಗಿ ಕೊಟ್ರೆ ಪಾಡ್ (ಕಂಟೇನರ್ ಓಡೋ ಘಟಕ) ಹೊಸದಾಗಿ ಏಳೋವರೆಗೂ ಹಳೇದೇ ಇರತ್ತೆ, ವಾಲ್ಯೂಮ್ ಆಗಿ, ಅಂದ್ರೆ ಡೈರೆಕ್ಟರಿ ಥರ, ಮೌಂಟ್ ಮಾಡಿದ್ರೆ ಸ್ವಲ್ಪ ಹೊತ್ತಲ್ಲಿ ಫೈಲ್ ತಾನಾಗೇ ಬದಲಾಗತ್ತೆ, ಸಬ್‌ಪಾತ್ ಹಾಕಿ ಅದರೊಳಗಿನ ಒಂದೇ ಫೈಲನ್ನ ಮೌಂಟ್ ಮಾಡಿದ್ರೆ ಮಾತ್ರ ಬದಲಾಗಲ್ಲ, ಇದಕ್ಕೆ ನಾನೇ ಒಂದು ದಿನ ಪೂರ್ತಿ ಕಳೆದಿದೀನಿ. ಫೈಲ್ ಬದಲಾಗೋದನ್ನ ಕಾಯೋ ಕೋಡ್ ಬರೆಯೋದಾದ್ರೆ ಆ ಫೈಲನ್ನ ಕಾಯ್ಬೇಡಿ, ಅದಿರೋ ಡೈರೆಕ್ಟರಿಯನ್ನ ಕಾಯಿರಿ, ಯಾಕಂದ್ರೆ ಅಲ್ಲಿ ಫೈಲನ್ನ ತಿದ್ದಲ್ಲ, ಒಂದು ಸಿಮ್‌ಲಿಂಕನ್ನ, ಅಂದ್ರೆ ಇನ್ನೊಂದು ಕಡೆ ಕೈ ತೋರಿಸೋ ಗುರುತನ್ನ, ಹೊಸ ಕಾಪಿಯ ಕಡೆ ತಿರುಗಿಸ್ತಾರೆ, ಹಳೇ ಫೈಲನ್ನೇ ನೋಡ್ತಾ ಕೂತಿರೋ ಕೋಡಿಗೆ ಏನಾಯ್ತು ಅಂತ ಸುದ್ದಿನೇ ಮುಟ್ಟಲ್ಲ.